ಬೀಗರ ಅಂಗಳಕ್ಕೆ ಹೊಸ ಟೈರು

ನಾನು ನಿಯಮ ಹಿಡಿದು ಒಂದು ಕೆಲಸಕ್ಕೆ ಇಳಿದರೆ ಸಾಕು, ಸುತ್ತಲಿನವರು ಅದನ್ನು ನಗೆಪಾಟಲು ಮಾಡಿಯೇ ಬಿಡುತ್ತಾರೆ. ಇದು ಇಂದಿಗೂ ತಪ್ಪಿಲ್ಲ.

ಗದಗ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳು. ಕಚೇರಿಗಳಿಗೆ ಬೋರ್ಡು ಬಂದಿದ್ದವು, ರಸ್ತೆಗೆ ಡಾಂಬರು ಬಂದಿರಲಿಲ್ಲ. ಶಿಗ್ಲಿಗೆ ಕೊಟ್ಟ ತಂಗಿಗೆ ಆಗ ಏಳು ತಿಂಗಳು. ಕುಬಸ, ಅಂದರೆ ಸೀಮಂತ, ಮುಗಿಸಿ ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಅಪ್ಪ ಬಿಟ್ಟುಹೋದ ಹಳೆಯ ಫಿಯೆಟ್ಟಿನ ಮುಂದಿನ ಟೈರುಗಳು ಗಟ್ಟಿಯಾಗಿದ್ದವು, ಹಿಂದಿನವೆರಡೂ ಬೋಳು. "ಹುಡುಗಿ ಸುಖವಾಗಿ ಮನಿ ಮುಟ್ಟಬೇಕು ನೋಡಪಾ" ಎಂದಳು ಅವ್ವ. ಟೈರು ಬದಲಿಸದೆ ಗಾಡಿ ಅಂಗಳ ದಾಟದು ಎಂದು ನಾನು ಹೇಳಿಬಿಟ್ಟೆ.

೧. ಟೈರಿನ ಜಾತಕ

ಬೆಟಗೇರಿಯ ಟೈರ್ ಅಂಗಡಿಯ ಚಾಚಾ ಮೊದಲು ತೋರಿಸಿದ್ದು, ಹಳೇ ಟೈರಿಗೆ ಮೇಲೊಂದು ಹೊಸ ರಬ್ಬರು ಅಂಟಿಸಿದ್ದನ್ನು. "ಸೋವಿ ಆಕ್ಕೈತ್ರಿ. ಹೊಸಾದರಂಗ ಕಾಣತೈತಿ."

"ಕಂಡರ ಸಾಲದು, ಹೊಸದ ಇರಬೇಕು. ಇದು ತಯಾರಾಗಿದ್ದು ಯಾವಾಗ?"

ಚಾಚಾ ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಸಾಹೇಬ್ರ, ಹೆಣ್ಣು ನೋಡಾಕ ಬಂದವ್ರು ಜಾತಕಾ ಕೇಳ್ತಾರ. ಟೈರಿಂದು ಕೇಳಿದವ್ರು ನೀವ ಮೊದಲ್ನೇದವ್ರು."

ಕೈಲಾದಷ್ಟರಲ್ಲಿ ಹೊಸವೇ ಎರಡು ಕೊಂಡೆ. ಹಿಂದೆ ಹಾಕಿ ಅಂದೆ. ಜೊತೆಗಿದ್ದ ಸೋದರಮಾವ, ಒಂದು ಕಾಲಕ್ಕೆ ಹತ್ತಿ ಲಾರಿ ಓಡಿಸಿದವನು, ತಕರಾರು ತೆಗೆದ. "ಅಳಿಯಾ, ಮುಂದ ಹಾಕಸು. ಬೀಗರ ಕಣ್ಣಿಗೆ ಮೊದಲ ಬೀಳೋದು ಮುಂದಿನ ಗಾಲಿ."

ಹಸಿ ರಸ್ತೆಯಲ್ಲಿ ಗಾಡಿಯ ಹಿಂಬದಿ ಜಾರದಿರಲು ಹೊಸ ಟೈರು ಹಿಂದೆಯೇ ಇರಬೇಕೆಂದು ನಾನು ವಿವರವಾಗಿ ತಿಳಿಸಿದೆ. ಮಾಮಾ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದ. "ಆತು ಬಿಡು. ಹಂಗಾರ ಬೀಗರ ಅಂಗಳಕ್ಕ ರಿವರ್ಸ್ ಹೋಗೂಣು."

೨. ಹಳೆಯವುಗಳ ವಿಲೇವಾರಿ

ನಮ್ಮ ಕಡೆ ಟೈರಿಗೆ ಸಾವಿಲ್ಲ. ಗಾಡಿ ಬಿಟ್ಟರೆ ಬಣವಿಯ ಮೇಲಿನ ತಾಡಪತ್ರಿ ಹಾರದಂತೆ ಒಜ್ಜೆಯಾಗುತ್ತದೆ, ಅದೂ ಮುಗಿದರೆ ಕಾಲಿಗೆ ಬರುತ್ತದೆ. ಕಳಚಿದ ಟೈರು ಹೇರಿಕೊಂಡು ನಾವು ಮನೆ ಮುಟ್ಟುವಷ್ಟರಲ್ಲಿ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಮುಖ ಬಾಡಿಸಿಕೊಂಡು ಕೇಳಿದರು: "ನಿಮ್ಮ ಟೈರ್ ಹ್ವಾದ್ವಂತಲ್ರಿ?"

ಇನ್ನಾವ ಗಾಡಿಗೂ ಯಾರೂ ಹಾಕಬಾರದು, ಆದ್ದರಿಂದ ಕತ್ತರಿಸಿಯೇ ಕೊಡುತ್ತೇನೆ ಎಂದೆ.

"ಚಲೋ ಆತ್ರಿ. ಕೊಯ್ಯೋ ಕೆಲಸ ಉಳೀತು. ಚಪ್ಪಲಿ ಹೊಲಿಸ್ತೀನಿ." ತುಂಡುಗಳನ್ನು ಹೆಗಲಿಗೇರಿಸಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ಅಲ್ರೀ, ಇವೇನ್ ಜಾರಂಗಿಲ್ಲಲ್ಲ?"

"ಜಾರತಾವಂತನ ತೆಗೆಸೇನ್ರಿ."

ಅವರು ಹೆಗಲ ಮೇಲಿನ ತುಂಡುಗಳನ್ನು ಸರಿಪಡಿಸಿಕೊಂಡರು. "ಇರ್ಲಿ ಬಿಡ್ರಿ. ನಾ ನಿಮ್ಮಷ್ಟು ಜೋರ್ ಹೋಗಂಗಿಲ್ಲ."

೩. ಮೂರು ಮಂದಿ

ಶಿಗ್ಲಿಯಲ್ಲಿ ಮಾಮಾ ಮಾತು ಉಳಿಸಿಕೊಂಡ. ಹಿಂದಿನ ಗಾಜು ಮುಂದಾಗಿ ಬೀಗರ ಅಂಗಳ ಹೊಕ್ಕೆವು. ತಂಗಿಯ ಅತ್ತೆ ಹೊಸ ಟೈರುಗಳಿಗೆ ಕುಂಕುಮ ಹಚ್ಚಿ ಆರತಿ ಬೆಳಗಿದರು.

ಕುಬಸವಾಯಿತು, ಊಟವಾಯಿತು. ಹೊರಡುವಾಗ ಅತ್ತೆ ಎಣಿಸಿದರು. ತಂಗಿ, ಮಾಮಾ, ನಾನು. "ಬಸುರಿ ಹೆಣಮಗಳನ್ನ ಕರಕೊಂಡು ಮೂರ್ ಮಂದಿ ಹೋಗಬಾರದ್ರಿ. ನಾನೂ ಬರ್ತೀನಿ." ಸೀರೆ ಬದಲಿಸಿ ಬಂದರು. ಅವರ ಹಿಂದೆ ಜೋಳದ ಚೀಲ, ಶೇಂಗಾದ ಚೀಲ, ತುಪ್ಪದ ಡಬ್ಬಿ, ಎರಡು ಕುಂಬಳಕಾಯಿ ಬಂದವು. ಗಾಡಿ ನೆಲಕ್ಕೆ ಕುಸಿಯಿತು.

ನಾನು ಬಗ್ಗಿ, ಟೈರಿನ ಮಗ್ಗುಲಲ್ಲಿ ಅಚ್ಚಾಗಿದ್ದ ಭಾರದ ಮಿತಿಯನ್ನು ಓದಿದೆ. "ಅವ್ವಾರ, ಹೆಚ್ಚಾತ್ರಿ. ಇಷ್ಟು ಭಾರ ಹೇರಿ ತಂಗಿನ್ನ ಕೂಡಸಾಕ ನಾ ಒಪ್ಪಂಗಿಲ್ಲ. ಚೀಲ ಇಳಸ್ರಿ."

"ತವರಿಗೆ ಹೊಂಟ ಸೊಸಿ ಜೋಡಿ ಹೇರಿದ್ದನ್ನ ತಿರುಗಿ ಮನ್ಯಾಗ ತರಂಗಿಲ್ರಿ. ಎಷ್ಟು ಹೆಚ್ಚಾಗೈತಿ?"

"ಒಂದಾಳಿನಷ್ಟು."

ಎಲ್ಲರೂ ನನ್ನನ್ನು ನೋಡಿದರು. ಗಾಡಿ ನಡೆಸಲು ಮಾಮಾ ಬೇಕು, ಬಸುರಿಯ ಜೊತೆಗೆ ಅತ್ತೆ ಬೇಕು, ಎಲ್ಲ ನಡೆದಿದ್ದೇ ತಂಗಿಗಾಗಿ.

"ಆದರ ನಾ ಇಳದರ ಮತ್ತ ಮೂರ ಮಂದಿ ಆಕ್ಕೀರಿ," ಎಂದು ನೆನಪಿಸಿದೆ.

"ಹೊಟ್ಯಾಗಿನ ಕೂಸು ಹಿಡದು ನಾಕ್ರಿ."

"ಆ ಕೂಸು ಆಗಲೂ ಇತ್ತಲ್ರಿ, ನೀವು ಸೀರಿ ಬದಲಿಸಾಕ ಹೋಗೂ ಮುಂದ."

"ಆಗ ನೀವು ಭಾರದ ಲೆಕ್ಕಾ ತಗದಿರಲಿಲ್ಲಲ್ರಿ ತಮ್ಮಾರ," ಎಂದು ಬಾಗಿಲು ಹಾಕಿಕೊಂಡರು.

ನಾನು ಲಕ್ಷ್ಮೇಶ್ವರದ ಕಡೆಗೆ ಹೊರಟಿದ್ದ ಟೆಂಪೊ ಹತ್ತಿದೆ. ಹತ್ತುವ ಮುನ್ನ ಅದರ ಗಾಲಿ ನೋಡಿದೆ. ರಬ್ಬರು ಮುಗಿದು ಒಳಗಿನ ದಾರ ಕಾಣುತ್ತಿತ್ತು. "ಹತ್ರಿ ಸಾಹೇಬ್ರ," ಎಂದ ಡ್ರೈವರ್, "ನೋಡಿದವ್ರು ಯಾರೂ ಹತ್ತಂಗಿಲ್ಲ."

ಲಕ್ಷ್ಮೇಶ್ವರದಲ್ಲೊಂದು, ಶಿರಹಟ್ಟಿಯಲ್ಲೊಂದು ಗಾಡಿ ಬದಲಿಸಿ, ಧೂಳು ತುಂಬಿಕೊಂಡು ಮನೆ ಮುಟ್ಟಿದಾಗ ಫಿಯೆಟ್ ಅಂಗಳದಲ್ಲಿತ್ತು. ಮಾಮಾ, ಅತ್ತೆ ಚಹಾ ಮುಗಿಸಿದ್ದರು. ಮಾಮಾ ಈಗಿಲ್ಲ, ಅಂದು ಹೊಟ್ಟೆಯಲ್ಲಿದ್ದ ಹುಡುಗಿ ಈಗ ತಾನೇ ಕಾರು ಓಡಿಸುತ್ತಾಳೆ. ಆದರೂ ಕಾಲು ಚಾಚಿ ಗೋಡೆಗೆ ಒರಗಿದ್ದ ತಂಗಿಯ ಆ ನೆಮ್ಮದಿಯ ಮುಖ ಇನ್ನೂ ಕಣ್ಣ ಮುಂದಿದೆ.

"ಅಣ್ಣಾ, ಒಂಚೂರೂ ಕುಲುಕಲಿಲ್ಲ ನೋಡು," ಎಂದಳು. "ಟೈರ್ ಭಾಳ ಚಲೋ ಅದಾವು. ನೀನೂ ಕುಂತು ಬರಬೇಕಿತ್ತು."