ಒಲೆಯ ಮೇಲಿನ ಕ್ಯಾಮೆರಾ

ಒಂದು ವಸ್ತು ಕೈಗೆ ಬಂದರೆ ಜನ ಅದನ್ನು ಬಳಸುತ್ತಾರೆ; ನಾನು ಅದು ಕೆಡುವುದನ್ನೇ ಕಾಯುತ್ತೇನೆ. ಹೊಸ ಕೊಡೆಯನ್ನು ಮಳೆಯಲ್ಲಿ ಬಿಚ್ಚಲು ಮನಸ್ಸು ಬಾರದವನು ನಾನು. ಇಂಥವನು ಕ್ಯಾಮೆರಾ ಕೊಂಡೆ. ಶಿಕಾರಿಪುರದ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ದಿನ ಧೂಳೊಂದೇ ಶತ್ರು. ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ದಿನಕ್ಕೆರಡು ಸಲ ಬಿಚ್ಚಿ, ಧೂಳು ಹೊಕ್ಕಿದೆಯೇ ಎಂದು ನೋಡುವ ನೆಪದಲ್ಲಿ ಒಂದಿಷ್ಟು ಧೂಳು ಹೊಗಿಸಿ ಮತ್ತೆ ಸುತ್ತುತ್ತಿದ್ದೆ. ಸೊರಬಕ್ಕೆ ವರ್ಗವಾದ ಮೇಲೆ ಬೂಷ್ಟಿನ ಭಯ ಹಿಡಿಯಿತು. ಆಷಾಢದಲ್ಲಿ ಕಡತಗಳಿಗೇ ಬಿಳಿ ಕೂದಲು ಹುಟ್ಟುವ ಊರಿನಲ್ಲಿ ನನ್ನ ಕ್ಯಾಮೆರಾದ ಗಾಜು ಯಾವ ಲೆಕ್ಕ?

ಬಾಡಿಗೆ ಮನೆಯಲ್ಲಿ ಒಣಗಿದ ಜಾಗವೆಂದರೆ ಒಲೆಯ ಮೇಲಿನ ಅಟ್ಟ ಒಂದೇ. ಆದರೆ ಅಡಿಗೆಮನೆ ಅಮ್ಮನದು. ಅಪ್ಪ ಹೋದಾಗಿನಿಂದ ಮಡಿಯಲ್ಲೇ ಬದುಕಿದವಳು. ಚರ್ಮದ ವಸ್ತು ಅಲ್ಲಿನ ಹೊಸಿಲು ದಾಟಿದರೆ ಆ ದಿನ ಅವಳಿಗೆ ಊಟವಿಲ್ಲ. ನನ್ನ ಕ್ಯಾಮೆರಾದ ಹೊಟ್ಟೆಯಲ್ಲೋ, ಹಾರ್ಮೋನಿಯಮ್ಮಿನ ತಿದಿಯಂತೆ ಮಡಚಿಕೊಳ್ಳುವ ಅಪ್ಪಟ ಚರ್ಮದ ಚೀಲ!

"ಏನೋ ಅದು, ಚರ್ಮವಾ?" ಎಂದಳು ಅಮ್ಮ.

"ಅಲ್ಲಮ್ಮ, ರೆಕ್ಸಿನ್ನು. ಬಟ್ಟೆ ಇದ್ದಂಗೆ."

"ಹಂಗಾರೆ ಇಡು."

ಸತ್ಯ ಗೊತ್ತಿದ್ದ ಹೆಂಡತಿ ಶಾರದೆ, "ಹಪ್ಪಳದ ಡಬ್ಬ ಇಳಿಸಿ ಇದನ್ನ ಕೂರಿಸಿದೀರಲ್ಲ, ಕರಿದು ಬಡಿಸ್ಲಾ?" ಎಂದಳು.

ಮಳೆಗಾಲವಿಡೀ ಅಮ್ಮನದು ಒಂದೇ ಬೇಡಿಕೆ. "ನಂದೊಂದು ಪಟ ತೆಗಿಯೋ. ನಿಮ್ಮಪ್ಪಂದಂತೂ ಮನೇಲಿಲ್ಲ. ನಾಳೆ ಮೊಮ್ಮಕ್ಕಳು ಕೇಳಿದ್ರೆ ಏನ್ ತೋರಿಸ್ತೀಯ?" ಗಾಳಿಯಲ್ಲಿ ತೇವವಿದೆ, ಹೊರಗೆ ತೆಗೆದರೆ ಕೆಡುತ್ತದೆ ಎಂದು ನಾನು ಮುಂದೂಡುತ್ತಿದ್ದೆ. ಅಂತೂ ದೀಪಾವಳಿ ಕಳೆದು ಬಿಸಿಲು ಬಿದ್ದಾಗ ಇಳಿಸಿದೆ. ಅಮ್ಮ ಒಗೆದ ಸೀರೆಯುಟ್ಟು, ತಲೆಯ ಮೇಲೆ ಸೆರಗೆಳೆದು, ಉಸಿರು ಬಿಗಿಹಿಡಿದು ಕೂತಳು. ರೋಲಿನ ಎಂಟೂ ಪಟ ಅವಳದೇ.

ಶಿಕಾರಿಪುರದ ಸ್ಟುಡಿಯೋದಲ್ಲಿ ತೊಳೆಸಿದರೆ, ಎಂಟರಲ್ಲೂ ಅಮ್ಮನ ಮುಖವಿರಬೇಕಾದಲ್ಲಿ ಬೆಳ್ಳನೆಯ ಉರಿ. ಸ್ಟುಡಿಯೋದವನು ಕ್ಯಾಮೆರಾ ಬಿಚ್ಚಿ ಅದರ ಚೀಲವನ್ನು ದೀಪಕ್ಕೆ ಹಿಡಿದ. "ಒಲಿ ಮ್ಯಾಲೆ ಇಟ್ಟಿದ್ರೇನ್ರೀ? ಚರ್ಮ ಒಣಗಿ ಬಿರುಕು ಬಿಟ್ಟೈತಿ ನೋಡ್ರಿ. ಬೆಳಕು ಒಳಗ ನುಗ್ಗೈತಿ."

ಅಮ್ಮ ಪಟವನ್ನು ಬಹಳ ಹೊತ್ತು ಹಿಡಿದಿದ್ದಳು. "ನಂದೇ ತಪ್ಪು ಕಣೋ. ಗಂಡ ಇಲ್ಲದೋಳು ಆಸೆಪಟ್ಟು ಕೂರಬಾರದಿತ್ತು. ದೇವ್ರೇ ಒರೆಸಿದಾನೆ."

ಅದು ಚರ್ಮವೆಂದು ಹೇಳಿಬಿಟ್ಟರೆ, ನಾಲ್ಕು ತಿಂಗಳು ಮೈಲಿಗೆಯ ಅನ್ನ ಉಂಡೆನೆಂದು ಅವಳು ಉಪವಾಸ ಕೂರುತ್ತಾಳೆಂದು ಸುಮ್ಮನಿದ್ದೆ. ಇದು ನಾನು ಹೇಳಿಕೊಳ್ಳುವ ಕಾರಣ. ಬೈಸಿಕೊಳ್ಳುವ ಭಯವೆಂಬುದು ಶಾರದೆಯ ಅಭಿಪ್ರಾಯ.

ಚೀಲ ಬದಲಾಯಿಸಿದೆ. ಯುಗಾದಿಗೆ ಅಕ್ಕನ ಸಂಸಾರ ಬಂದಾಗ ಎಲ್ಲರನ್ನೂ ಜಗಲಿಯಲ್ಲಿ ಸಾಲಾಗಿ ಕೂರಿಸಿದೆ. ಅಕ್ಕ ಅಮ್ಮನ ಕೈ ಹಿಡಿದೆಳೆದಳು. "ಬ್ಯಾಡ ಕಣೇ, ನಾ ಬಂದ್ರೆ ನಿಮ್ದೂ ಹಾಳಾಗ್ತದೆ," ಎಂದು ಅಮ್ಮ ಕೈ ಬಿಡಿಸಿಕೊಂಡು ಒಳಗೆ ಹೊರಟಳು. ಶಾರದೆ ನನ್ನನ್ನೇ ನೋಡುತ್ತಿದ್ದಳು. ಈಗಲಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಯಾರೂ ಅಲುಗಾಡಬೇಡಿ," ಎಂದೆ.

ಪಟ ಬಹಳ ಚೆನ್ನಾಗಿ ಬಂದಿದೆ.