ಅಕ್ಕನ ಅಡುಗೆಮನೆಗೆ ನಾನು ಬಳಿದ ನೀಲಿ

ಎಷ್ಟು ದೇಶ ಸುತ್ತಿದರೂ ನನ್ನ ಮರ್ಯಾದೆ ಹೋಗುವುದು ಮಾತ್ರ ಚಿಂತಾಮಣಿಯಲ್ಲಿ, ಅಕ್ಕನ ಮನೆಯಲ್ಲಿ. ಈ ಸಲ ಅಕ್ಕನ ಮಗಳನ್ನು ನೋಡಲು ಶಿಡ್ಲಘಟ್ಟದಿಂದ ಗಂಡಿನ ಕಡೆಯವರು ಬರುವವರಿದ್ದರು. ಎರಡು ವಾರ ಟೈಮಿತ್ತು. "ಅಡುಗೆಮನೆ ಕಬೋರ್ಡಿಗೆ ನಾನೇ ಬಣ್ಣ ಹೊಡೀತೀನಿ" ಅಂದೆ. "ಅವರ ಮುಂದೆ ತಲೆ ತಗ್ಗಿಸೋ ಹಾಗೆ ಮಾಡ್ಬೇಡ ಕಣೇ" ಅಂದಳು ಅಕ್ಕ.

ಅಂಗಡಿಯಲ್ಲಿ

"ಹೊಳಪಿಲ್ಲದ ಮ್ಯಾಟ್ ನೀಲಿ ಕೊಡಿ. ಪೋರ್ಚುಗಲ್ಲಿನಲ್ಲಿ ನೋಡಿದ್ದೀನಿ" ಅಂದೆ.

ಅಂಗಡಿಯವರು ಕೇಳಿದರು: "ಮೇಡಂ, ಮನೇಲಿ ಒಗ್ಗರಣೆ ಹಾಕ್ತೀರಾ?"

"ಹಾಕ್ತೀವಿ."

"ಹಾಗಾದ್ರೆ ಹೊಳೆಯೋ ಎನಾಮಲ್ ತಗೊಳ್ಳಿ. ಒರೆಸಿದ್ರೆ ಜಿಡ್ಡು ಹೋಗುತ್ತೆ. ಮ್ಯಾಟ್ ಎಣ್ಣೆ ಕುಡಿಯುತ್ತೆ."

ಕೇಳಲಿಲ್ಲ. ಮ್ಯಾಟನ್ನೇ ತಂದು ಕಬೋರ್ಡಿನ ಒಂದು ಬಾಗಿಲಿಗೆ ಬಳಿದು ಒಣಗಿಸಿದೆ. ಅಕ್ಕ ಸಾರಿಗೆ ಒಗ್ಗರಣೆ ಕೊಟ್ಟಳು. ಒಂದೇ ಒಗ್ಗರಣೆ! ನನ್ನ ಪೋರ್ಚುಗಲ್ಲಿಗೆ ಎಣ್ಣೆ ಕಲೆಯ ಸಿಡುಬು ಎದ್ದಿತು. ಮತ್ತೆ ಅಂಗಡಿಗೆ ಹೋದರೆ ಅವರು ಎನಾಮಲ್ ಡಬ್ಬ ಮುಂದಿಟ್ಟು, "ಬರ್ತೀರಂತ ಅವತ್ತೇ ತೆಗೆದಿಟ್ಟಿದ್ದೆ" ಅಂದರು.

ಪೇಂಟರ್ ಬಂದದ್ದು

ಅಕ್ಕ ಧೈರ್ಯ ಸಾಲದೆ ಪೇಂಟರನ್ನು ಕರೆಸಿದಳು. ಆತ ಬಾಗಿಲ ಮೇಲೆ ಬೆರಳು ಎಳೆದು, "ಹತ್ತು ವರ್ಷದ ಜಿಡ್ಡಮ್ಮಾ. ಸೋಡಾ ಹಾಕಿ ತೊಳೀಬೇಕು, ಉಜ್ಜು ಕಾಗದ ಹಾಕ್ಬೇಕು, ಪ್ರೈಮರ್, ಆಮೇಲೆ ಎರಡು ಕೋಟು. ಆರು ದಿನ" ಅಂದ.

"ಒದ್ದೆ ಬಟ್ಟೇಲಿ ಒರೆಸಿ ಬಳಿದ್ರೆ?"

"ವದ್ದಮ್ಮಾ, ಬೇಡ!"

ನಾನು ಜಗತ್ತು ಸುತ್ತಿದ ನಗು ನಕ್ಕು ಅವನನ್ನು ಕಳಿಸಿದೆ. ಆತ ಹೋಗುವಾಗ ನನ್ನ ಕಡೆ ನೋಡಲಿಲ್ಲ, ಬಾಗಿಲುಗಳಿಗೆ ಕೈಮುಗಿದ.

ಶುಕ್ರವಾರ

ಬರೀ ಒದ್ದೆ ಬಟ್ಟೇಲಿ ಒರೆಸಿದ್ದ ಕಬೋರ್ಡಿಗೆ ಕೊನೆಯ ಕೋಟು ಬಳಿದು ಕೈ ತೊಳೆದು ಬರುವಷ್ಟರಲ್ಲಿ ಅಕ್ಕ ಪ್ರತಿ ಬಾಗಿಲಿಗೂ ಅರಿಶಿನ ಕುಂಕುಮ ಇಟ್ಟಿದ್ದಳು.

"ಅಕ್ಕಾ, ಇನ್ನೂ ಒದ್ದೆ ಇದೆ!"

"ಹೊಸದಕ್ಕೆ ಇಡದೆ ಇರ್ತಾರೇನೇ?"

ಟರ್ಪೆಂಟೈನ್ ಹಾಕಿ ಒರೆಸಿದೆ. ಬೊಟ್ಟು ಹೋಗಲಿಲ್ಲ, ಬಾಗಿಲ ತುಂಬ ಹರಡಿತು. ಅಕ್ಕ ನೋಡಿ, "ಲಕ್ಷಣವಾಗಿ ಮುತ್ತೈದೆ ಥರ ಇತ್ತು. ಓಕುಳಿ ಆಡಿಸಿಬಿಟ್ಟೆಯಲ್ಲೇ" ಅಂದಳು.

ಅದರ ಮೇಲೆ ಇನ್ನೊಂದು ಕೋಟು ಬಳಿದೆ. ನೋಡೋಕೆ ನೀಟಾಗಿರಲಿ ಅಂತ ಶನಿವಾರ ಸಂಜೆ ಎಲ್ಲ ಬಾಗಿಲೂ ಗಟ್ಟಿಯಾಗಿ ಮುಚ್ಚಿದೆ.

ಭಾನುವಾರ

ಅವರು ಬಂದು ಕೂತರು. ಕಾಫಿಗಿಟ್ಟರೆ ಕಬೋರ್ಡಿನ ಬಾಗಿಲು ಬರಲೊಲ್ಲದು. ಎಲ್ಲ ಅಂಟಿಕೊಂಡಿವೆ. "ಸಕ್ಕರೆ, ಕಾಫಿ ಪುಡಿ ಎಲ್ಲ ಒಳಗಿದೆ ಕಣೇ!" ಅಂತ ಅಕ್ಕ ಪಿಸುಗುಟ್ಟಿದಳು. ನಾನು ಗೋಡೆಗೆ ಕಾಲು ಕೊಟ್ಟು ಎಳೆಯುತ್ತಿರುವಾಗಲೇ ಗಂಡಿನ ತಾಯಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

ಅವರು ಸೆರಗು ಸಿಕ್ಕಿಸಿ, ದೋಸೆ ಮಗುಚುವ ಕೈ ತಗೊಂಡು ಸಂದಿಗೆ ತೂರಿಸಿ ಮೀಟಿದರು. ಬಾಗಿಲೇನೋ ಬಂತು, ಜೊತೆಗೆ ಬಣ್ಣವೂ ದೋಸೆಯಂತೆ ಅಗಲಕ್ಕೆ ಎದ್ದು ಬಂತು.

"ಯಾರಮ್ಮಾ ಬಳಿದದ್ದು?"

"ಪೇಂಟರ್" ಅಂದುಬಿಟ್ಟೆ. ಆ ಪಾಪ ನನ್ನದೇ.

ಅವರು ಬಣ್ಣದಲ್ಲಿ ಅಂಟಿದ್ದ ಮೊಳದುದ್ದದ ಕೂದಲೊಂದನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ಕೇಳಿದರು: "ಪೇಂಟರ್‌ಗೆ ಜಡೆ ಇತ್ತಾ?"

ನಾಚಿಕೆಯಿಂದ ತಲೆ ತಗ್ಗಿಸಿದೆ. ತಗ್ಗಿಸಿದ್ದೇ ತಪ್ಪಾಯಿತು, ಬೈತಲೆ ತುಂಬ ನೀಲಿ ಬಣ್ಣ.

ಅವರು ಅದನ್ನೂ ನೋಡಿ, ಅಕ್ಕನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹುಡುಗೀಗೆ ಚಿಕ್ಕಮ್ಮನ ಬುದ್ಧಿ ಏನಾದ್ರೂ ಬಂದಿದೆಯಾ?"

"ದೇವರಾಣೆ ಇಲ್ಲ!" ಅಂದಳು ನನ್ನ ಒಡಹುಟ್ಟಿದವಳು, ಒಂದು ಕ್ಷಣವೂ ಯೋಚಿಸದೆ.

"ಹಾಗಾದ್ರೆ ನಮಗೆ ಒಪ್ಪಿಗೆ."