ಸಿಹಿನೀರಿನ ಮನೆ

ಬೆಲ್ಲ ತಿಂದ ಬಾಯಿಗೆ ನೀರಿನ ನಿಜವಾದ ರುಚಿ ತಿಳಿಯುವುದಿಲ್ಲ ಎಂಬ ಸಣ್ಣ ಸಂಗತಿ ದುರ್ಗಪ್ಪ ಮಾಸ್ತರರಿಗೆ ಹೊಳೆದದ್ದು ಹೊನ್ನಾವರದಲ್ಲಿ, ಅವರು ನೋಡಲು ಹೋದ ಎರಡನೆಯ ಬಾಡಿಗೆ ಮನೆಯ ಜಗಲಿಯ ಮೇಲೆ. ಅಷ್ಟು ಹೊತ್ತಿಗೆ ಮೊದಲನೆಯ ಮನೆಯವರಿಗೆ ‘ಹೆಚ್ಚುಕಡಿಮೆ ಆತು’ ಎಂದು ಹೇಳಿ ಬಂದಾಗಿತ್ತು.

ಯುದ್ಧ ಇನ್ನೂ ಮುಗಿಯದಿದ್ದ ಕಾಲ. ಭಟ್ಕಳದ ಶಾಲೆಯಿಂದ ಮಾಸ್ತರರಿಗೆ ಹೊನ್ನಾವರಕ್ಕೆ ವರ್ಗವಾಗಿತ್ತು. ಜೊತೆಯವರು ಬಂದು ಸಮಾಧಾನ ಹೇಳಿದರು. ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಕೇಳಿಸಿಕೊಂಡರು, ಒಳಗೊಳಗೆ ಹಿಗ್ಗಿದರು. ಮುಟ್ಟಳ್ಳಿಯಲ್ಲಿ ಅವರಿದ್ದ ಮನೆಯ ಗೋಡೆಗೆ ತಾಗಿಕೊಂಡೇ ಅವಲಕ್ಕಿ ಕುಟ್ಟುವವರ ಮನೆ. ಕೋಳಿ ಕೂಗುವ ಮೊದಲೇ ಅಲ್ಲಿ ಒನಕೆ ಏಳುತ್ತಿತ್ತು. ಅದು ನಿಲ್ಲುವ ಹೊತ್ತಿಗೆ ಶಾಲೆ, ಶಾಲೆಯಲ್ಲಿ ಮಕ್ಕಳ ಮಗ್ಗಿ. ತಲೆಯೊಳಗೆ ಯಾರೋ ಸದಾ ಏನನ್ನೋ ಕುಟ್ಟುತ್ತಿರುವಂತೆ ಮಾಸ್ತರರು ವರ್ಷಗಳನ್ನು ಕಳೆದಿದ್ದರು. ಕೇರಿಯ ಕೊನೆಯಲ್ಲಿ ಒಂದು ಮನೆ ಸಿಗಬೇಕು, ಬೆಳಿಗ್ಗೆ ಅದರ ಜಗಲಿಯ ಮೇಲೆ ಕೂತರೆ ಹಲಸಿನ ಎಲೆ ನೆಲಕ್ಕೆ ಬಿದ್ದ ಸದ್ದು ಕೇಳಬೇಕು. ಅವರಿಗಿದ್ದದ್ದು ಇಷ್ಟೇ ಆಸೆ.

ಎಲ್ಲಿರಬೇಕು ಎಂಬುದನ್ನು ಮಾತ್ರ ಊರೆಲ್ಲ ತೀರ್ಮಾನಿಸಲು ಹೊರಟಿತು. ಹೆಡ್ ಮಾಸ್ತರರು ಕುಮಟೆಯಲ್ಲೇ ಮನೆ ಮಾಡಿ, ಪೇಟೆ ದೊಡ್ಡದು ಎಂದರು. ಒಬ್ಬರು ಕಾಸರಕೋಡಿನಲ್ಲಿ ಉಳಿದು ದಿನವೂ ಶರಾವತಿ ದಾಟಿ ಹೋಗಿ, ದೋಣಿಯ ಗಾಳಿ ಎದೆಗೆ ಒಳ್ಳೆಯದು ಎಂದರು. ಡ್ರಾಯಿಂಗ್ ಮಾಸ್ತರರು, ಹೆಂಡತಿಯ ತವರು ಹೊನ್ನಾವರದಲ್ಲೇ ಇರುವಾಗ ಬಾಡಿಗೆ ಕೊಡುವವನಿಗೆ ತಲೆ ಸರಿ ಇಲ್ಲ ಎಂದರು. ಈ ಕೊನೆಯ ಮಾತು ಹೇಗೋ ಮಾಸ್ತರರಿಗಿಂತ ಮೊದಲೇ ಮನೆ ತಲುಪಿತ್ತು.

ಹೆಂಡತಿ ನೀಲಾಳ ಅಣ್ಣ ಬೀರಪ್ಪ ಹೊನ್ನಾವರದಲ್ಲಿ ದೋಣಿ ತಂಗುವ ದಕ್ಕೆಯ ಹತ್ತಿರ ಹಗ್ಗದ ಅಂಗಡಿ ಇಟ್ಟುಕೊಂಡಿದ್ದ. ಒಳ್ಳೆಯ ಮನುಷ್ಯ, ಕೈ ಎತ್ತಿ ಕೊಡುವವನು. ಆದರೆ ಮಾತಾಡುತ್ತಿದ್ದ. ಪೆಟ್ರೋಲ್ ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಲಿನ ಒಲೆ ಹೊತ್ತು ಓಡಾಡುತ್ತಿದ್ದವು. ಗಂಟೆಗಟ್ಟಲೆ ಗಾಳಿ ಊದಿದರೆ ಮಾತ್ರ ಅವು ಹೊರಡುತ್ತಿದ್ದವು, ಏರು ಬಂದರೆ ನಿಲ್ಲುತ್ತಿದ್ದವು. ಬೀರಪ್ಪನಿಗೆ ಊದುವುದೂ ಬೇಕಿರಲಿಲ್ಲ, ಏರೂ ತಾಗುತ್ತಿರಲಿಲ್ಲ. ಆ ಮನೆಯಲ್ಲಿ ಎರಡು ದಿನ ಉಳಿದು ಬಂದರೆ ಮಾಸ್ತರರಿಗೆ ಅವಲಕ್ಕಿಯ ಒನಕೆಯೇ ಜೋಗುಳದಂತೆ ಕೇಳುತ್ತಿತ್ತು.

ನೀಲಾ ಜಗಳವಾಡಲಿಲ್ಲ, ಒಂದೇ ಷರತ್ತು ಹಾಕಿದಳು. “ಬಾಡಿಗೆ ಮನೆ ಆದ್ರೂ ನಂಗೆ ಅಡ್ಡಿಲ್ಲ. ಬಾವಿ ನೀರು ಸಿಹಿ ಇರ್ಬೇಕು, ಬೇಳೆ ಬೇಯ್ಬೇಕು. ಉಪ್ಪು ನೀರೇ ಕುಡಿಬೇಕು ಅಂತಾದ್ರೆ ನಮ್ಮಪ್ಪನ ಮನೆ ಉಪ್ಪು ನೀರಿಗೆ ಎಂತ ಆಗದೆ? ಬಾಡಿಗೆ ಕೊಟ್ಟು ಬೇರೆಯವ್ರ ಉಪ್ಪು ಕುಡಿಯೂಕೆ ನಾ ಬರೂದಿಲ್ಲ.”

ಹಾಗಾಗಿ ಆ ಭಾನುವಾರ ಸಂಜೆಯ ದೋಣಿ ಹೊರಡುವುದರೊಳಗೆ ಸಿಹಿನೀರಿನ ಮನೆ ಹುಡುಕಬೇಕು, ಇಲ್ಲದಿದ್ದರೆ ಸಾಮಾನು ನೇರ ಬೀರಪ್ಪನ ಮನೆಗೆ. ಹೊಳೆಯೂ ಕಡಲೂ ಕೂಡುವ ಊರಿನಲ್ಲಿ ಸಿಹಿನೀರಿನ ಬಾವಿ ಹುಡುಕುವುದು ಎಷ್ಟು ಕಷ್ಟ ಎಂದು ಮಾಸ್ತರರಿಗೆ ಗೊತ್ತಿತ್ತು. ಬೆಲ್ಲದ ವಿಷಯ ಮಾತ್ರ ಗೊತ್ತಿರಲಿಲ್ಲ.

ಮನೆಗೆ ಬಂದವರಿಗೆ ಮೊದಲು ಬೆಲ್ಲ, ಆಮೇಲೆ ಒಂದು ತಂಬಿಗೆ ನೀರು. ಆ ಕಡೆಯ ಯಾವ ಮನೆಯಲ್ಲೂ ಇದು ತಪ್ಪುವುದಿಲ್ಲ. ಮೊದಲನೆಯ ಮನೆಯಲ್ಲಿ ಬೆಲ್ಲ ಕಚ್ಚಿ ನೀರು ಕುಡಿದ ಮಾಸ್ತರರು ಅಮೃತ ಸಿಕ್ಕಿತೆಂದು ತಲೆದೂಗಿದರು. ಎರಡನೆಯ ಮನೆಯಲ್ಲೂ ಅಮೃತ. ಎರಡು ಬಾವಿಗಳಲ್ಲಿ ಒಂದೇ ರುಚಿಯ ಅಮೃತ ಹೇಗೆ ಬಂತು ಎಂದು ಅನುಮಾನ ಹುಟ್ಟಿ, ಕೈ ತೊಳೆಯುವ ನೆಪದಲ್ಲಿ ಬಾವಿಗೆ ಹೋಗಿ ಬಾಯಿ ಮುಕ್ಕಳಿಸಿ ಇನ್ನೊಂದು ಗುಟುಕು ಕುಡಿದರು. ಕಾಗಾಲದ ಕಡೆಯ ಉಪ್ಪಿನ ಆಗರದಿಂದ ನೇರ ಆ ಬಾವಿಗೇ ಕಾಲುವೆ ತೋಡಿದಂತಿತ್ತು. ಹಿಂದಿರುಗಿ ಮೊದಲ ಮನೆಯ ನೀರನ್ನೂ ಹಾಗೇ ಪರೀಕ್ಷಿಸಿದರು. ಅದು ಇನ್ನೂ ಒಂದು ಹಿಡಿ ಹೆಚ್ಚು. ಮನೆಯ ಯಜಮಾನರು ಬೇಸರಪಟ್ಟುಕೊಂಡರು. ತಮ್ಮ ಅಜ್ಜ ಇದೇ ನೀರು ಕುಡಿದು ಹಲ್ಲೆಲ್ಲ ಇಟ್ಟುಕೊಂಡೇ ಸತ್ತರು ಎಂದರು.

ಮೂರನೆಯ ಮನೆಯಿಂದ ಮಾಸ್ತರರು ಉಪಾಯ ಹೂಡಿದರು. ಬೆಲ್ಲ ಬೇಡ ಎಂದರೆ ಮರ್ಯಾದೆಯಲ್ಲ. ಆದ್ದರಿಂದ ಬೆಲ್ಲವನ್ನು ಬಾಯಿಯವರೆಗೆ ಒಯ್ದು, ಕೆಮ್ಮು ಬಂದಂತೆ ತಿರುಗಿ ಕೋಟಿನ ಕಿಸೆಗೆ ಜಾರಿಸುವುದು. ಬರೀ ಬಾಯಿಗೆ ನೀರು. ಉಪ್ಪು. ನಮಸ್ಕಾರ ಹೇಳಿ ಮುಂದಿನ ಮನೆ. ಮಧ್ಯಾಹ್ನದ ಹೊತ್ತಿಗೆ ಊರಿನ ಅರ್ಧ ಬಾವಿಗಳು ಅವರ ಹೊಟ್ಟೆಯಲ್ಲಿದ್ದವು. ಹೆಜ್ಜೆ ಇಟ್ಟರೆ ಗಾಡಿಯಲ್ಲಿಟ್ಟ ತುಂಬಿದ ಕೊಡದಂತೆ ಒಳಗೆ ಕುಲುಕುತ್ತಿತ್ತು. ಬಿಸಿಲಿಗೆ ಕಿಸೆಯ ಬೆಲ್ಲ ಬೆವರಿ ಒಂದಕ್ಕೊಂದು ಅಂಟಿ, ಎದೆಯ ಮೇಲೆ ಹಸಿ ಇಟ್ಟಿಗೆ ಹೊತ್ತಂತಾಗಿತ್ತು. ದಾರಿಯಲ್ಲಿ ಒಂದು ದನ ಬಹಳ ದೂರ ಅವರನ್ನು ಹಿಂಬಾಲಿಸಿತು.

ಸಂಜೆಯಾಗುತ್ತ ಬಂದು, ಬೀರಪ್ಪನ ದನಿ ಕಿವಿಯಲ್ಲಿ ಆಗಲೇ ಸಣ್ಣಗೆ ಶುರುವಾಗಿದ್ದಾಗ, ಅವರು ಪೇಟೆಯ ಕೆಳಗಿನ ಒಂದು ಕೇರಿಗೆ ಬಂದರು. ಆ ಕೇರಿಯ ಮೊದಲ ಮನೆಯ ಸೋಮಿ ಎಂಬ ಮುದುಕಿ ತನ್ನ ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಕೊಡುತ್ತಾಳೆಂದು ಯಾರೋ ಹೇಳಿದ್ದರು. ಸೋಮಿ ಬೆಲ್ಲ ತಂದಳು, ನೀರು ತಂದಳು, ಮಾಸ್ತರರು ಕೆಮ್ಮುವ ಮೊದಲೇ ತಾನೇ ಬಾಯಿಬಿಟ್ಟಳು.

“ಮಾಸ್ತರ್ರೇ, ನನ್ನ ಮನೆ ನಿಮ್ಗೆ ಬ್ಯಾಡ. ನೀರು ಬರೀ ಉಪ್ಪು. ಆ ತುದಿ ಮನೆ ತಕಣಿ. ಅದ್ರ ಬಾವಿ ನೀರು ಎಳನೀರು ಇದ್ದಾಂಗೆ ಅದೆ.”

ಬಾಡಿಗೆಗೆ ಕೊಡಬೇಕಾದವಳೇ ಬೇಡ ಎನ್ನುವುದನ್ನು ಮಾಸ್ತರರು ಅದುವರೆಗೆ ಕೇಳಿರಲಿಲ್ಲ. ಎದುರು ಮನೆಯ ಅಣ್ಣಪ್ಪನದೂ ಒಂದು ಕೋಣೆ ಖಾಲಿ ಇತ್ತು. ಅವನೂ ಬೇಲಿ ಹಾರಿ ಬಂದು ತನ್ನ ಕೋಣೆ ಸೋರುತ್ತದೆ, ತಿಗಣೆ ಇದೆ, ತನಗೆ ರಾತ್ರಿ ಗೊರಕೆ ಎಂದು ಆಣೆಯಿಟ್ಟು ಹೇಳಿ ಅದೇ ತುದಿ ಮನೆಯತ್ತ ಕೈ ತೋರಿಸಿದ. ಯುದ್ಧ ನಡೆಯುತ್ತಿರುವ ಪ್ರಪಂಚದಲ್ಲಿ ಇಂಥ ನಿಸ್ವಾರ್ಥ ಜನ ಇನ್ನೂ ಇದ್ದಾರಲ್ಲ ಎಂದು ಮಾಸ್ತರರ ಕಣ್ಣು ಹನಿಗೂಡಿತು.

ಅಷ್ಟರಲ್ಲಿ ಕೇರಿಗೆ ಕೇರಿಯೇ ಸೇರಿ ಅವರನ್ನು ದಿಬ್ಬಣದ ಮದುಮಗನಂತೆ ಕರೆದುಕೊಂಡು ಹೊರಟಿತು. ತುದಿಯ ಮನೆಗೆ ಎತ್ತರದ ಚಿರೆಕಲ್ಲಿನ ಗೋಡೆ, ಒಂದೇ ಬಾಗಿಲು, ಅದಕ್ಕೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ. ಮನೆಯ ಧನಿಗಳು ಮುಂಬೈಗೆ ಹೋಗಿ ನೆಲೆಸಿದ ಮೇಲೆ ಆ ಬೀಗದ ಕೈ ಮೂಲೆಯ ಬೀಡಾ ಅಂಗಡಿಯ ಮಾಬ್ಲೇಶ್ವರನ ಸೊಂಟದಲ್ಲಿತ್ತು. ಅವನು ಬೀಗ ತೆಗೆದ. ಜನ ಬಾಗಿಲ ಹೊರಗೇ ನಿಂತರು.

ಒಳಗೆ ಕಾಲಿಟ್ಟ ಮಾಸ್ತರರು ಅಲ್ಲೇ ನಿಂತುಬಿಟ್ಟರು. ಅಂಗಳದಲ್ಲಿ ಒಣಗಿದ ಎಲೆ ಹಾಸಿಕೊಂಡಿತ್ತು. ಒಂದು ಹಲಸಿನ ಮರ, ಅದರ ನೆರಳಿನಲ್ಲಿ ಬಾವಿ. ಗೋಡೆಯಾಚೆಯ ಪೇಟೆ ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟು ಹೊರಗೆ ಉಳಿದಂತಿತ್ತು. ಇಲ್ಲಿ ಬಹಳ ದಿನಗಳಿಂದ ಯಾರೂ ಏನನ್ನೂ ಹೇಳಿರಲಿಲ್ಲ. ಅವರ ತಲೆಯೊಳಗಿನ ಒನಕೆ ಒಮ್ಮೆ ಎದ್ದು, ಬೀಳುವುದನ್ನು ಮರೆತು, ಅಲ್ಲೇ ನಿಂತಿತು.

ಬಾವಿಯ ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಮುಳುಗುವಷ್ಟು ಗೆರೆಗಳು, ಒಂದಲ್ಲ ಎರಡಲ್ಲ, ಸುತ್ತಲೂ. ಎಷ್ಟು ಹಳೆಯ ಮನೆ ಎಂದು ಮಾಸ್ತರರು ಭಕ್ತಿಯಿಂದ ಸವರಿದರು. ನೀರು ಸೇದಿ, ಬೊಗಸೆಯಲ್ಲಿ ಕುಡಿದರು. ಸೋಮಿ ಹೇಳಿದ್ದು ನಿಜ. ಬಾಗಿಲಾಚೆ ಅಷ್ಟು ಜನ ನಿಂತಿದ್ದರೂ ಒಬ್ಬರ ಉಸಿರೂ ಕೇಳುತ್ತಿರಲಿಲ್ಲ. ಕೇರಿಯವರೂ ಮಾತು ಕಡಿಮೆಯ ಜನ ಎಂದು ಮಾಸ್ತರರಿಗೆ ಇನ್ನಷ್ಟು ತೃಪ್ತಿಯಾಯಿತು.

ಅವರು ಆನಂದದಿಂದ ಮರಕ್ಕೆ ಒರಗಿದರು. ಕಿಸೆಯ ಬೆಲ್ಲದ ಸುದ್ದಿ ಮರದ ಮೇಲಿದ್ದ ಕೆಂಜಿರುವೆಗಳಿಗೆ ಮುಟ್ಟಿತು.

“ಧನಿಗಳದ್ದು ಒಂದೇ ಮಾತು, ಮಾಸ್ತರ್ರೇ,” ಎಂದು ಮಾಬ್ಲೇಶ್ವರ ಶುರುಮಾಡಿದ. “ಅವ್ರ ತಾಯಿ ಕಾಲದಿಂದ ನಡ್ಕಂಡು ಬಂದದ್ದು. ಬೆಳಗಾಗೂಕಿಲ್ಲ, ಈ ಬಾಗಿಲು…”

ಮೊದಲ ಇರುವೆ ಕಂಕುಳನ್ನು ಹಿಡಿಯಿತು.

“ಆತು,” ಎಂದರು ಮಾಸ್ತರರು.

“ಎಂತ ಆತು? ನಾ ಇನ್ನೂ ಹೇಳ್ಲೇ ಇಲ್ಲ.”

ಎರಡನೆಯದು ಬೆನ್ನಿಗೆ ಹೋಯಿತು. ಉಳಿದವು ಎಲ್ಲೆಲ್ಲಿ ಹೋದವು ಎಂಬುದನ್ನು ಒಬ್ಬ ಮಾಸ್ತರರು ನಾಲ್ಕು ಜನರೆದುರು ಹೇಳುವಂತಿರಲಿಲ್ಲ. ಮಾಬ್ಲೇಶ್ವರನ ತುಟಿಗಳು ಅಲ್ಲಾಡುತ್ತಿದ್ದವು. ಮಾಸ್ತರರು ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ, ಹಲ್ಲು ಕಚ್ಚಿ ನಕ್ಕರು.

“ಅದೂ ಆತು, ಇದೂ ಆತು. ನೀವು ಹೇಳಿದ್ದೆಲ್ಲ ಆತು. ಬೀಗದ ಕೈ ಇಲ್ಲಿ ಕೊಡಿ, ನೀವು ಒಂದು ಗಳಿಗೆ ಹೊರಗೆ ಹೋಗಿ.”

ಹೊರಗಿನಿಂದ ಎದ್ದ ಸಂತೋಷದ ಉದ್ಗಾರವನ್ನು, ಕೋಟು ಅಂಗಿ ಎಲ್ಲ ಕಿತ್ತೆಸೆದು ಕುಣಿಯುತ್ತಿದ್ದ ಮಾಸ್ತರರು ಗಮನಿಸಲಿಲ್ಲ.

ದೋಣಿಗೆ ಹೋಗುವ ದಾರಿಯಲ್ಲಿ ಬೀರಪ್ಪನ ಅಂಗಡಿ ಹೊಕ್ಕು ಸುದ್ದಿ ಹೇಳಿದರು. ಹೇಗೆ ಬೇಸರಪಡುತ್ತಾನೋ, ಎಷ್ಟು ಹೊತ್ತು ಬೇಸರಪಡುತ್ತಾನೋ ಎಂದು ಹೆದರಿದ್ದರು. ಬೀರಪ್ಪ ತೆರೆದ ಬಾಯಿಯನ್ನು ಮುಚ್ಚಿದ. ಮದುವೆಯಾದಂದಿನಿಂದ ಮಾಸ್ತರರು ಅದನ್ನು ಕಂಡಿರಲಿಲ್ಲ.

“ತುದಿ ಮನೆಯಾ?” ಎಂದ ಕಡೆಗೆ. “ಒಳ್ಳೆದಾತು ಭಾವ. ಸಾಮಾನು ತರೂಕೆ ಗಾಡಿ ನಾನೇ ಕಳಿಸ್ತೆ.”

ದೊಡ್ಡ ಮನಸ್ಸಿನವನನ್ನು ಇಷ್ಟು ಕಾಲ ತಪ್ಪು ತಿಳಿದೆನಲ್ಲ ಎಂದು ಮಾಸ್ತರರು ದೋಣಿಯಲ್ಲಿ ಕೂತು ನೊಂದುಕೊಂಡರು.

ಸಾಮಾನು ಬಂತು, ಒಲೆ ಹೊತ್ತಿತು. ನೀಲಾ ಒಂದು ಹಿಡಿ ತೊಗರಿಬೇಳೆ ಬೇಯಿಸಿ ನೋಡಿ, ಬೆಣ್ಣೆಯಂತೆ ಕರಗಿತೆಂದು ಗಂಡನನ್ನು ಆ ವರ್ಷದಲ್ಲಿ ಮೊದಲ ಸಲ ಹೊಗಳಿದಳು. ಮಾರನೆಯ ಬೆಳಗಿನ ಜಾವ ಮಾಸ್ತರರು ಎದ್ದು ಜಗಲಿಯ ಮೇಲೆ ಬಂದು ಕೂತರು. ಇನ್ನೂ ಮಬ್ಬು. ಒಂದು ಹಲಸಿನ ಎಲೆ ಮರದಿಂದ ಬಿಟ್ಟು, ತಡವರಿಸಿ, ನೆಲ ಮುಟ್ಟಿತು. ಅದರ ಸದ್ದು ಅವರಿಗೆ ಕೇಳಿಸಿತು.

ಆಮೇಲೆ ಬಾಗಿಲ ಚಿಲಕ ಕೇಳಿಸಿತು. ಆಮೇಲೆ ಒಂದು ತಾಮ್ರದ ಕೊಡ. ಸೋಮಿ ಒಳಗೆ ಬಂದಳು, ಹಿಂದೆ ಅಣ್ಣಪ್ಪನ ಹೆಂಡತಿ, ಅವಳ ಹಿಂದೆ ಕೊಡಗಳು, ಕೊಪ್ಪರಿಗೆಗಳು, ಕಂಕುಳಲ್ಲಿ ಮಕ್ಕಳು. ಗಳಿಗೆಯೊಳಗೆ ರಾಟೆಯ ಕಿರುಚಾಟ, ಕೊಡಕ್ಕೆ ಕೊಡ ತಾಗಿದ ಟಣಕಾರ, ನನ್ನ ಸರದಿ ನಿನ್ನ ಸರದಿಯ ವಾದ ಎಲ್ಲ ಸೇರಿ ಅಂಗಳ ಗುರುವಾರದ ಸಂತೆಯಾಯಿತು. ಮಾಸ್ತರರು ಎದ್ದು ನಿಂತು, ಇದೆಲ್ಲ ಏನು ಎಂದು ಸೋಮಿಯನ್ನು ಕೇಳಿದರು.

“ಮಾಬ್ಲೇಶ್ವರ ಹೇಳ್ಲಿಲ್ವಾ? ಈ ಬಾವಿ ನೀರು ಕೇರಿಗೆಲ್ಲ. ಧನಿಗಳ ತಾಯಿ ಮಾಡಿಟ್ಟ ಪದ್ಧತಿ ಅದು,” ಎಂದಳು ಸೋಮಿ, ಹಗ್ಗ ಎಳೆಯುತ್ತಲೇ. “ಖಾಲಿ ಮನೆ ಬಾವಿಗೆ ಮಕ್ಕಳು ಬಿದ್ರೆ ಹೊಣೆ ಯಾರು ಅಂತ ಬೀಗ ಹಾಕಿದ್ರು. ಜನ ಬಂದು ಉಳೀದೆ ಬಾಗ್ಲು ತೆಗೀಬ್ಯಾಡ ಅಂತ ಅವ್ರ ಮಾತು. ನೀವು ಬಂದ್ರಿ. ನಮ್ಮ ಪುಣ್ಯ.”

ನೀಲಾ ಆಗಲೇ ಸಾಲಿನ ನಡುವೆ ಇದ್ದಳು. ಅರ್ಧ ಜನ ಅವಳೊಡನೆ ಆಡಿ ಬೆಳೆದವರು. ತವರಿಗೆ ಹೋಗದೆಯೇ ತವರು ಮನೆಬಾಗಿಲಿಗೆ ಬಂದದ್ದಕ್ಕೆ ಅವಳ ಮುಖ ದೀಪದಂತಾಗಿತ್ತು. ಅಷ್ಟರಲ್ಲಿ ಹೆಗಲ ಮೇಲೆ ಪಂಚೆ, ಕೈಯಲ್ಲಿ ಸಾಬೂನು, ಹಿಂದೆ ಹೆಂಡತಿ, ಮಕ್ಕಳು, ಅತ್ತೆ, ಹಂಡೆ ಸಮೇತ ಬೀರಪ್ಪ ಬಂದ.

“ಭಾವ, ನಮ್ಮನೆ ಬಾವಿ ನಿಮ್ಗೆ ಗೊತ್ತೇ ಅದೆ. ಇನ್ನು ದಿನಾ ಸ್ನಾನ ಇಲ್ಲೇ,” ಎಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಹಗ್ಗದ ದರದಿಂದ ಮಾತು ಶುರುಮಾಡಿ ಜರ್ಮನಿಯತ್ತ ಹೊರಟ.

ಮಾಸ್ತರರು ಕೋಟು ತೊಟ್ಟು, ಕೊಡೆ ಹಿಡಿದು, ಯಾರಿಗೂ ಹೇಳದೆ ಬಾಗಿಲು ದಾಟಿದರು. ಎಲ್ಲಿಗೆಂದು ಯೋಚಿಸಿರಲಿಲ್ಲ. ಕಾಲು ಅಭ್ಯಾಸದ ದಾರಿ ಹಿಡಿದು ಬೀರಪ್ಪನ ಮನೆಯೆದುರು ತಂದು ನಿಲ್ಲಿಸಿತು. ಬಾಗಿಲಿಗೆ ಚಿಲಕ, ಒಳಗೆ ಒಂದು ಪಿಳ್ಳೆಯೂ ಇಲ್ಲ. ಅವರು ಜಗಲಿಯ ಮೇಲೆ ಕೂತರು. ತುಂಬ ಹೊತ್ತು ಏನೂ ಆಗಲಿಲ್ಲ. ಅಂಗಳದ ಬಾದಾಮಿ ಮರದಿಂದ ಒಂದು ಎಲೆ ಬಿತ್ತು. ಅದೂ ಕೇಳಿಸಿತು. ಹಲಸಿನದಕ್ಕಿಂತ ಸ್ವಲ್ಪ ಗಟ್ಟಿ.

ಅಂದಿನಿಂದ ಅದೇ ವಾಡಿಕೆಯಾಯಿತು. ಒಂದು ಬೆಳಿಗ್ಗೆ ಅವರು ಹಾಗೆ ಕೂತಿದ್ದಾಗ, ಏನೋ ಕೆಲಸಕ್ಕೆ ಹೊನ್ನಾವರಕ್ಕೆ ಬಂದಿದ್ದ ಭಟ್ಕಳದ ಡ್ರಾಯಿಂಗ್ ಮಾಸ್ತರರು ಬೀದಿಯಲ್ಲಿ ಹೋಗುತ್ತ ನೋಡಿ ನಿಂತರು.

“ಕಡೆಗೆ ಹೆಂಡತಿ ತವರಿನಲ್ಲೇ ಉಳಿದ್ರಿ ಅನ್ನಿ. ನಾ ಹೇಳಿದ್ದು ಕೇಳಿದ್ರಿ, ಬಾಡಿಗೆ ಉಳೀತು.”

ದುರ್ಗಪ್ಪ ಮಾಸ್ತರರು ಉತ್ತರಕ್ಕಾಗಿ ಕೋಟಿನ ಕಿಸೆಗೆ ಕೈ ಹಾಕಿದರು. ಎಷ್ಟು ಜಾಡಿಸಿದರೂ ಹೋಗದೆ ಮೂಲೆಯಲ್ಲಿ ಅಂಟಿಕೊಂಡಿದ್ದ ಒಂದು ಚೂರು ಬೆಲ್ಲ ಬೆರಳಿಗೆ ಸಿಕ್ಕಿತು. ಅದನ್ನು ಬಾಯಿಗೆ ಹಾಕಿಕೊಂಡು, ಹೌದೆಂಬಂತೆ ತಲೆಯಾಡಿಸಿದರು.